ಕೆರೆ ಏರಿ ಮತ್ತು ಕರಿಬಂಡೆ

ಚಳ್ಳಕೆರೆ
೭ ಜುಲೈ ೨೦೨೪

ಮಾಲತಿ ಬೇಟಿಗೆ ಬೀಬಿ ಜಾನ್ ಅಜ್ಜಿಯ ಸಲಾಮು.

ನೀನು ಮೊಳಕಾಲ್ಮುರಿನ ಹಾಸ್ಟೆಲಿಗೆ ಹೋಗಿ ತಿಂಗಳಾಯಿತು. ಅಲ್ಲಿ ಫೋನು ಮುಟ್ಟಲು ಬಿಡುವುದಿಲ್ಲವಂತೆ, ನಿಮ್ಮವ್ವ ಕರಿಯಕ್ಕ ಸಂತೆಗೆ ಬಂದಾಗ ಹೇಳಿದಳು. ಅದಕ್ಕೇ ಈ ಕಾಗದ. ಮನೆಯಲ್ಲಿ ಆಡುವುದು ಉರ್ದು, ಬರೆಯಲು ಬರುವುದು ಕನ್ನಡ ಮಾತ್ರ, ಅದೂ ಏಳನೇ ಕ್ಲಾಸಿನದು. ತಪ್ಪು ಕಂಡರೆ ನುಂಗಿಕೋ, ನಗಬೇಡ.

ನಿಮ್ಮವ್ವ ಎಣ್ಣೆ ಮಿಲ್ಲಿನ ಕೆಲಸ ಬಿಟ್ಟು ಪರಶುರಾಂಪುರಕ್ಕೆ ವಾಪಸ್ ಹೋದಮೇಲೆ ನೀವು ಬಾಡಿಗೆಗಿದ್ದ ನಮ್ಮ ಹಿತ್ತಲ ಕೋಣೆ ಖಾಲಿ ಬಿದ್ದಿದೆ. ನನ್ನ ಮಗ ಸುಭಾನ್ ಅದರೊಳಗೆ ಗ್ಯಾರೇಜಿನ ಹಳೇ ಟೈರು ತುಂಬಿದ್ದಾನೆ. ಹೋದ ವರ್ಷ ನನ್ನ ಕಾಲು ಮುರಿದು ಮಂಚ ಹಿಡಿದಾಗ, ಆ ಕೋಣೆಯಿಂದ ಓಡಿಬಂದು ಏಳುಬಾಗಿಲು ಅನ್ನುವ ಕಾರ್ಡಿನ ಆಟ ಕಲಿಸಿದವಳು ನೀನು. ಈಗ ನಾನೇ ಕೋಲೂರಿಕೊಂಡು ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋಗಿ ಕಾರ್ಡಿನ ಪ್ಯಾಕೆಟ್ಟು ಕೊಳ್ಳುತ್ತೇನೆ. ಒಳಗೆ ಯಾವ ಕಾರ್ಡು ಬರುತ್ತದೋ ಒಡೆಯುವ ತನಕ ಗೊತ್ತಾಗುವುದಿಲ್ಲವಲ್ಲ, ಅದೇ ಮಜಾ. ಅಂಗಡಿಯವನು ಹಲ್ಲು ಕಿರಿಯುತ್ತಾನೆ. ಹುಚ್ಚು ಹಿಡಿಸಿದವಳು ನೀನು, ಈಗ ಅನುಭವಿಸು.

ವಿಷಯ ಹೀಗಿದೆ. ನನ್ನ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗಲೇಬೇಕು ಎಂದು ಸುಭಾನನ ಮಗ ಜುಲ್ಫಿಕರ್ ಬೆನ್ನು ಹತ್ತಿದ್ದಾನೆ. ನನ್ನ ಕಣ್ಣಿಗೆ ಏನೂ ಆಗಿಲ್ಲ, ಆಕಾಶದಲ್ಲಿ ಹದ್ದು ಹಾರಿದರೆ ಕಾಣುತ್ತದೆ. ಅವನ ಕಾಟ ತಡೆಯಲಾರದೆ ಪಂದ್ಯ ಕಟ್ಟಿದೆ. ಶುಕ್ರವಾರ ಗ್ಯಾರೇಜಿಗೆ ರಜೆ, ಅವತ್ತು ಮಧ್ಯಾಹ್ನ ಒಂದು ಆಟ. ವರ್ಷ ಮುಗಿಯುವುದರೊಳಗೆ ನಾನು ಒಂದು ಸಾರಿ ಅವನನ್ನು ಸೋಲಿಸಿದರೆ ಕಣ್ಣಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಕೂಡದು. ಸೋಲಿಸದಿದ್ದರೆ ಅವನು ಹೇಳಿದ ದಿನ ಆಸ್ಪತ್ರೆ.

"ದಾದಿ, ನೀನು ಸೋತಂಗೇ ಲೆಕ್ಕ. ಈಗ್ಲೇ ಬ್ಯಾಗ್ ತುಂಬ್ಕೋ" ಅನ್ನುತ್ತಾನೆ ಬದ್ಮಾಶ್.

ಅವನ ಕಟ್ಟಿನ ತುಂಬ ಆನೆ, ಕುದುರೆ ಅಂತ ದಂಡಿನ ಕಾರ್ಡುಗಳೇ. ಆಟ ಶುರುವಾದ ಕೂಡಲೇ ನುಗ್ಗುತ್ತಾನೆ, ನನ್ನ ಚಹಾ ಆರುವುದರೊಳಗೆ ನನ್ನ ಕೋಟೆಯ ಏಳೂ ಬಾಗಿಲು ಮುರಿದಿರುತ್ತಾನೆ. ನನ್ನ ಹತ್ತಿರ ಯಾವ ಯಾವ ಕಾರ್ಡಿವೆ ಅಂತ ನಿನಗೆ ಬಾಯಿಪಾಠ. ಅವನನ್ನು ತಡೆಯುವ ಒಂದು ಕಟ್ಟು ಕಟ್ಟಿಕೊಡು. ನುಗ್ಗುವುದು ಈ ವಯಸ್ಸಿಗೆ ಆಗದು, ಅಡ್ಡ ನಿಲ್ಲುವುದು ಆಗುತ್ತದೆ.

ನಿನ್ನ ಅಜ್ಜಿ
ಬೀಬಿ ಜಾನ್


ಮೊಳಕಾಲ್ಮುರು
೧೫ ಜುಲೈ ೨೦೨೪

ಪ್ರೀತಿಯ ಅಜ್ಜಿಗೆ,

ನಿಮ್ಮ ಕಾಗದ ಸಿಕ್ಕಿತು. ಇಲ್ಲಿ ಬರುವ ಹೋಗುವ ಕಾಗದಗಳನ್ನೆಲ್ಲ ವಾರ್ಡನ್ ಜುಂಜಮ್ಮ ಮೇಡಂ ಓದಿ, ಸಹಿ ಹಾಕಿ ಕೊಡುತ್ತಾರೆ. ಅವರು ಬಹಳ ಒಳ್ಳೆಯವರು. ನಾನು ಚೆನ್ನಾಗಿದ್ದೇನೆ. ಊಟ ಚೆನ್ನಾಗಿದೆ. ಸೈನ್ಸ್ ಪಾಠ ಚೆನ್ನಾಗಿದೆ.

ನಿಮ್ಮ ಕಟ್ಟಿನ ಬಗ್ಗೆ ವಾರವೆಲ್ಲ ಯೋಚಿಸಿದೆ. ನೀವು ಸೋಲುವುದು ಕಾರ್ಡು ಕೆಟ್ಟದ್ದಿರುವುದಕ್ಕಲ್ಲ, ನೀವೂ ಜುಲ್ಫಿಕರ್ ಅಣ್ಣನ ಹಾಗೆ ಓಡಲು ಹೋಗುವುದಕ್ಕೆ. ಓಟದಲ್ಲಿ ಅವನೇ ಮುಂದೆ. ಆದ್ದರಿಂದ ನಿಮ್ಮ ದಂಡಿನ ಕಾರ್ಡುಗಳನ್ನೆಲ್ಲ ತೆಗೆದುಬಿಡಿ. ಹೌದು, ಎಲ್ಲವನ್ನೂ. ಮೂರು ಬಗೆ ಮಾತ್ರ ಇಟ್ಟುಕೊಳ್ಳಿ.

ಮೊದಲನೆಯದು ಕೆರೆ ಏರಿ, ಕಡುನೀಲಿ ಕಾರ್ಡು. ಅವನು ಒಂದು ಕಾರ್ಡು ಇಡುತ್ತಿರುವಾಗಲೇ ಇದನ್ನು ಹಾಕಿದರೆ ಅವನ ಕಾರ್ಡು ರದ್ದು. ಇಟ್ಟು ಕೈ ತೆಗೆದಮೇಲೆ ಹಾಕಿದರೆ ಉಪಯೋಗವಿಲ್ಲ. ಎರಡನೆಯದು ಕರಿಬಂಡೆ, ಕಪ್ಪು ಕಾರ್ಡು. ಇದು ಆಗಲೇ ಬಂದು ಕೂತ ದಂಡನ್ನು ಎತ್ತಿಹಾಕುತ್ತದೆ, ಬರುತ್ತಿರುವುದನ್ನು ತಡೆಯುವುದಿಲ್ಲ. ಮೂರನೆಯದು ಸಂತೆ, ಹಳದಿ. ಇದನ್ನು ಹಾಕಿದರೆ ಇಬ್ಬರೂ ಎರಡೆರಡು ಕಾರ್ಡು ತೆಗೆದುಕೊಳ್ಳಬೇಕು.

ಅವನು ಏನೇ ಇಟ್ಟರೂ ಗಾಬರಿಯಾಗಬೇಡಿ. ಸಣ್ಣ ದಂಡು ಒಂದೆರಡು ಬಾಗಿಲು ಮುರಿದರೆ ಮುರಿಯಲಿ. ದೊಡ್ಡದು ಬರುವ ತನಕ ಕೆರೆ ಏರಿಯನ್ನು ಕೈಯಲ್ಲೇ ಹಿಡಿದುಕೊಂಡಿರಿ. ಆಟ ಹೇಗಾಯಿತು ಅಂತ ಬಿಡದೆ ಬರೆಯಿರಿ, ನನಗೆ ತಿಳಿಯಬೇಕು.

ನಿಮ್ಮ
ಮಾಲತಿ

ಮೇಡಂ ಸಹಿ ಆದಮೇಲೆ ಮಡಚುವ ಅಂಚಿನಲ್ಲಿ ಬರೆಯುತ್ತಿದ್ದೇನೆ ಅಜ್ಜಿ. ಪೆನ್ನು ಬೇರೆಯವರದು, ತಿಳಿನೀಲಿ, ಇನ್‌ಲ್ಯಾಂಡ್ ಕಾಗದದ್ದೂ ಅದೇ ಬಣ್ಣ, ಮೇಡಂ ಕಣ್ಣಿಗೆ ಬೀಳಲ್ಲ. ಬಂದ ದಿನವೇ ನನ್ನ ಕಾರ್ಡು ಕಿತ್ತುಕೊಂಡರು, ಇಸ್ಪೀಟು ಅಂದರು. ನಿಮ್ಮ ಕಟ್ಟು ನೆನಪಿನಿಂದ ಕಟ್ಟಿದ್ದು. ಇಲ್ಲಿ ನನ್ನ ಜೊತೆ ಯಾರೂ ಮಾತಾಡಲ್ಲ.


ಚಳ್ಳಕೆರೆ
೨೮ ಜುಲೈ ೨೦೨೪

ಮಾಲತಿ ಬೇಟಿ,

ನೀನು ಚೆನ್ನಾಗಿದ್ದೀಯ ಅಂತ ಓದಿ ಸಂತೋಷವಾಯಿತು. ಒಳ್ಳೆ ಮೇಡಂ ಸಿಕ್ಕಿದ್ದಾರೆ, ಅವರ ಮಾತು ಕೇಳಿಕೊಂಡಿರು. ಗೆಳತಿಯರಿಗೂ ಏಳುಬಾಗಿಲು ಕಲಿಸಿದೆಯಾ? ಯಾರ ಜೊತೆ ಆಡುತ್ತೀಯ?

ಈಗ ನಿನ್ನ ಕಟ್ಟಿನ ಕಥೆ ಕೇಳು. ಕಟ್ಟು ನೋಡಿಯೇ ನನಗೆ ತಲೆ ಕೆಟ್ಟಿತು. ಗೆಲ್ಲುವ ಕಾರ್ಡು ಎಲ್ಲಿ ತಾಯಿ? ಅವನ ಬಾಗಿಲು ಮುರಿಯಲು ಒಂದು ಆನೆಯೂ ಇಲ್ಲ, ಕುದುರೆಯೂ ಇಲ್ಲ. ಬರೀ ಗೋಡೆ ಕಟ್ಟಿಕೊಂಡು ಕೂತರೆ ಅವನು ತಾನಾಗಿ ಸಾಯುತ್ತಾನೆಯೇ?

ಆದರೂ ಆಡಿದೆ. ಮೊದಲ ಬಾರಿಗೆ ಆಟ ಇಳಿಹೊತ್ತಿನ ಅಸರ್ ನಮಾಜಿನ ತನಕ ನಡೆಯಿತು. ಅವನು ಬೆವತುಹೋದ. ಅಷ್ಟರಲ್ಲಿ ಉರಿಕುದುರೆ ಅನ್ನುವ ದೊಡ್ಡ ದಂಡು ಇಟ್ಟ. ನಾನು ಕೆರೆ ಏರಿ ಎಂದು ಬಡಿದೆ, ತಿರುಗಿಸಿ ನೋಡಿದರೆ ಕರಿಬಂಡೆ! ಕುದುರೆ ಒಳಗೆ ಬಂತು, ಆಟ ಹೋಯಿತು. ಅವತ್ತು ಪಡಸಾಲೆಯ ಬಲ್ಬು ಕೆಟ್ಟಿತ್ತು.

ಆಮೇಲಿನ ಶುಕ್ರವಾರವೂ ಹಾಗೇ ಆಯಿತು. ಅವತ್ತು ಬಾಗಿಲಿನಿಂದ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು.

ಒಂದು ಆನೆಯನ್ನಾದರೂ ಹಾಕಿಕೊಳ್ಳಲೇ? ಬೇಗ ಬರೆ.

ಬೀಬಿ ಜಾನ್


ಮೊಳಕಾಲ್ಮುರು
೧೧ ಆಗಸ್ಟ್ ೨೦೨೪

ಪ್ರೀತಿಯ ಅಜ್ಜಿಗೆ,

ಆನೆ ಬೇಡ.

ನಮ್ಮ ಮುದ್ದಪ್ಪ ತಾತ ಕುರಿ ಮೇಯಿಸುವಾಗ ನಾನು ಸಣ್ಣವಳಿದ್ದು ಹಿಂದೆ ಹಿಂದೆ ಓಡುತ್ತಿದ್ದೆ. "ಹಿಂದೆ ಓಡಿದ್ರೆ ಅವೂ ಓಡ್ತಾವೆ ಕಣವ್ವ. ಮುಂದೆ ಹೋಗಿ ಸುಮ್ಕೆ ನಿಂತ್ಕ. ಹೊಲಕ್ಕೆ ಬಾಯಿ ಹಾಕಂಗೆ ಕಂಡ್ರೆ ಕೋಲು ಅಡ್ಡ ಇಡು, ಅಷ್ಟೇಯ" ಅನ್ನುತ್ತಿದ್ದ. ಸಂಜೆಗೆ ಒಂದೂ ಕಳೆಯದೆ ಹಟ್ಟಿ ಸೇರಿದರೆ ಅವನ ಪಾಲಿಗೆ ಆ ದಿನ ಗೆದ್ದಂತೆ. ನಾನು ಕಟ್ಟು ಕಟ್ಟುವಾಗ ಅದೇ ಲೆಕ್ಕ ಹಾಕಿದ್ದೆ. ಗೆಲ್ಲುವ ಕಾರ್ಡು ಬೇಕು ಅನ್ನುವುದೇ ನನಗೆ ಹೊಳೆದಿರಲಿಲ್ಲ, ನಿಮ್ಮ ಕಾಗದ ಓದಿ ನಾಚಿಕೆಯಾಯಿತು.

ಆಮೇಲೆ ಒಂದು ನಿಯಮ ನೆನಪಾಯಿತು. ಪ್ರತಿ ಸರದಿಗೂ ತನ್ನ ಕಟ್ಟಿನಿಂದ ಒಂದು ಕಾರ್ಡು ತೆಗೆಯಲೇಬೇಕು. ತೆಗೆಯಲು ಕಾರ್ಡೇ ಉಳಿದಿಲ್ಲದಿದ್ದರೆ ಕೋಟೆ ಬಿತ್ತು. ಇದನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಯಾಕೆಂದರೆ ಅಲ್ಲಿಯ ತನಕ ಯಾರ ಆಟವೂ ಹೋಗುವುದಿಲ್ಲ. ನಿಮ್ಮದು ಹೋಗುತ್ತದೆ! ಅವನು ಆತುರಗಾರ, ಸಂತೆ ಹಾಕಿದರೆ ಎರಡು ಕಾರ್ಡು ಪುಕ್ಕಟೆ ಸಿಕ್ಕಿತೆಂದು ಹಿಗ್ಗುತ್ತಾನೆ. ಹಿಗ್ಗಲಿ. ಹಾಕುತ್ತಲೇ ಇರಿ. ಅವನ ಕಟ್ಟು ಬೇಗ ಕರಗುತ್ತದೆ. ನಿಮ್ಮದೂ ಕರಗುತ್ತದೆ, ಅದಕ್ಕೆ ನೀವು ಅವನಿಗಿಂತ ದಪ್ಪ ಕಟ್ಟು ಇಟ್ಟುಕೊಳ್ಳಿ. ನಲವತ್ತಕ್ಕಿಂತ ಕಡಿಮೆ ಇರಬಾರದು ಅಂತ ನಿಯಮವಿದೆ, ಹೆಚ್ಚಿರಬಾರದು ಅಂತ ಎಲ್ಲೂ ಇಲ್ಲ.

ಒಂದು ವಿಷಯ ವಿಚಿತ್ರವಾಗಿದೆ. ಸಂತೆ ಕಾರ್ಡನ್ನು ನೀವು ಒಮ್ಮೆಯೂ ತಪ್ಪಿಲ್ಲ. ತಪ್ಪುವುದು ಬರೀ ಕೆರೆ ಏರಿ ಮತ್ತು ಕರಿಬಂಡೆ. ಯಾಕಿರಬಹುದು? ಮುಂದಿನ ಆಟದಲ್ಲಿ ಅವೆರಡನ್ನು ಬೇರೆ ಬೇರೆ ಕೈಯಲ್ಲಿ ಹಿಡಿದು ನೋಡಿ. ಇನ್ನೊಂದು, ಆಪರೇಷನ್ ಅಂದರೆ ನಿಮಗೆ ಯಾಕೆ ಅಷ್ಟು ಸಿಟ್ಟು?

ಮಾಲತಿ

ಯಾರ ಜೊತೆ ಆಡುತ್ತೀಯ ಅಂತ ಕೇಳಿದ್ದೀರಿ. ಹೋದ ಸಾರಿಯೂ ಹೀಗೇ ಅಂಚಿನಲ್ಲಿ ಬರೆದಿದ್ದೆನಲ್ಲ. ಇಲ್ಲಿಯ ಹುಡುಗಿಯರು ಆರನೇ ಕ್ಲಾಸಿನಿಂದ ಒಟ್ಟಿಗೆ ಇದ್ದವರು, ಊಟಕ್ಕೆ ಕೂತರೆ ತೆಲುಗು ಶುರು. ನಾನು ತಟ್ಟೆ ನೋಡಿಕೊಂಡು ತಿನ್ನುತ್ತೇನೆ. ಮನೆಗೆ ಬಂದುಬಿಡಲಾ ಅಜ್ಜಿ? ನೀವು ಹೇಳಿದಂತೆ ಕೇಳುತ್ತೇನೆ. ಅವ್ವನಿಗೆ ಇನ್ನೂ ಹೇಳಿಲ್ಲ.


ಚಳ್ಳಕೆರೆ
೮ ಸೆಪ್ಟೆಂಬರ್ ೨೦೨೪

ಮಾಲತಿ ಬೇಟಿ,

ಶಹಬ್ಬಾಸ್! ನಿಮ್ಮ ತಾತನಿಗೂ ಶಹಬ್ಬಾಸ್. ಈ ಕಟ್ಟಿನ ಗುಟ್ಟು ನನಗೆ ಈಗ ತಿಳಿಯಿತು. ಸುಮ್ಮನೆ ಕೂರುವುದರಲ್ಲಿ ಇಷ್ಟು ಮಜಾ ಇದೆ ಅಂತ ಗೊತ್ತಿರಲಿಲ್ಲ. ಅವನು ಇಡುತ್ತಾನೆ, ನಾನು ಬೇಡ ಅನ್ನುತ್ತೇನೆ. ಮತ್ತೆ ಇಡುತ್ತಾನೆ, ಮತ್ತೆ ಬೇಡ. ಸಂತೆ ಬಿಟ್ಟರೆ, "ದಾದಿ, ನೀನೇ ನಂಗೆ ಕಾರ್ಡ್ ಕೊಡ್ತೀಯಲ್ಲ, ನಿಂಗೇನು ಆಗೈತೆ?" ಅಂತ ನಗುತ್ತಾನೆ. ನಗಪ್ಪಾ ನಗು ಅಂದುಕೊಂಡೆ.

ಆದರೂ ಗೆಲ್ಲಲಿಲ್ಲ. ಮತ್ತೆ ಅದೇ ನೀಲಿ, ಅದೇ ಕಪ್ಪು. ಕೊನೆಗೆ ಒಂದು ಉಪಾಯ ಮಾಡಿದೆ. ಸೀರೆಗೆ ಫಾಲ್ ಹಚ್ಚುವ ಸೂಜಿ ತೆಗೆದು ಕೆರೆ ಏರಿಯ ಮೂಲೆಗೆಲ್ಲ ಒಂದೊಂದು ಚುಚ್ಚು ಹಾಕಿದೆ. ಬೆರಳು ಆಡಿಸಿದರೆ ಗೊತ್ತಾಗುತ್ತದೆ. ಇದು ಮೋಸವಲ್ಲ ತಾನೆ? ಜುಲ್ಫಿಕರನಿಗೆ ಹೇಳಿಲ್ಲ.

ಆಪರೇಷನ್ ಯಾಕೆ ಬೇಡ ಅಂತ ಕೇಳಿದ್ದೀಯ. ನಮ್ಮ ಅಕ್ಕ ಪಾತಮ್ಮ, ನೀನು ಅವಳನ್ನು ನೋಡಿಲ್ಲ, ಬಹಳ ಹಿಂದೆ ಒಂದು ಊರಿನಲ್ಲಿ ಕಣ್ಣು ಕೊಯ್ಯಿಸಿಕೊಂಡಳು. ಪಟ್ಟಿ ಬಿಚ್ಚಿದಾಗ ಇದ್ದಷ್ಟೂ ಬೆಳಕು ಹೋಗಿತ್ತು. ಸಾಯುವ ತನಕ ಅವಳ ಕೈಗೆ ತಟ್ಟೆ ಕೊಟ್ಟವಳು ನಾನು. ಈಗ ಕಾಲ ಬೇರೆ ಅಂತ ಎಲ್ಲರೂ ಹೇಳುತ್ತಾರೆ. ಹೇಳುವವರ ಕಣ್ಣು ಚೆನ್ನಾಗಿಯೇ ಇದೆ.

ನಿನ್ನ ಗೆಳತಿಯರ ಹೆಸರು ಬರೆ. ನೀನು ಕಾಗದದಲ್ಲಿ ಕಾರ್ಡಿನ ಮಾತು ಬಿಟ್ಟು ಬೇರೆ ಹೇಳುವುದೇ ಇಲ್ಲ.

ಬೀಬಿ ಜಾನ್


ಮೊಳಕಾಲ್ಮುರು
೨೦ ಅಕ್ಟೋಬರ್ ೨೦೨೪

ಪ್ರೀತಿಯ ಅಜ್ಜಿಗೆ,

ಬರೆಯುವುದು ತಡವಾಯಿತು. ದಸರಾ ರಜಕ್ಕೆ ಪರಶುರಾಂಪುರಕ್ಕೆ ಹೋಗಿದ್ದೆ. ಶೇಂಗಾ ಕೀಳುವ ಕೆಲಸವಿತ್ತು, ಚಳ್ಳಕೆರೆಗೆ ಬರಲು ಅವ್ವ ಬಿಡಲಿಲ್ಲ.

ಅಜ್ಜಿ, ನಿಮ್ಮ ಎಲ್ಲ ಕಾಗದಗಳನ್ನು ಎದುರಿಗಿಟ್ಟುಕೊಂಡು ಪ್ರತಿ ಆಟವನ್ನೂ ಮನಸ್ಸಿನಲ್ಲೇ ಮತ್ತೆ ಆಡಿ ನೋಡಿದೆ. ಒಮ್ಮೆ ಬಲ್ಬು ಕೆಟ್ಟಿತ್ತು, ಒಮ್ಮೆ ಬಿಸಿಲು ಹೊಡೆಯಿತು. ಆದರೆ ಕತ್ತಲಲ್ಲೂ ಬಿಸಿಲಲ್ಲೂ ನೀವು ಹಳದಿ ಸಂತೆಯನ್ನು ತಪ್ಪಲಿಲ್ಲ. ತಪ್ಪಿದ್ದು ಕಡುನೀಲಿ ಮತ್ತು ಕಪ್ಪು ಮಾತ್ರ. ಈಗ ಸೂಜಿ ಚುಚ್ಚು ಬೇರೆ. ನಮ್ಮ ಲ್ಯಾಬಿನ ಸರ್ ಹತ್ತಿರ ಕೇಳಿದೆ. ಪೊರೆ ಬಂದ ಕಣ್ಣಿಗೆ ನೀಲಿ ಮಂಕಾಗಿ ಕಾಣಬಹುದಂತೆ, ಕಪ್ಪಿನಿಂದ ಬೇರೆ ಮಾಡುವುದು ಕಷ್ಟವಂತೆ. ನಿಮ್ಮ ಅಕ್ಷರವೂ ಕಾಗದದಿಂದ ಕಾಗದಕ್ಕೆ ದಪ್ಪವಾಗುತ್ತಿದೆ.

ಸತ್ಯ ಹೇಳಿ. ನಿಮಗೆ ಕೆರೆ ಏರಿ ಕಾಣುತ್ತದಾ? ನನ್ನ ಕಾಗದವನ್ನು ತುದಿಯ ತನಕ ಓದುತ್ತೀರಿ ತಾನೆ? ಕಾಣುವುದಿಲ್ಲ ಎಂದರೆ ನಾನು ಈ ಕಟ್ಟು ಕಟ್ಟಿದ್ದೇ ತಪ್ಪಾಯಿತು. ನೀವು ಗೆದ್ದರೆ ಆಪರೇಷನ್ ತಪ್ಪುತ್ತದೆ, ತಪ್ಪಿಸಿದವಳು ನಾನೇ ಆಗುತ್ತೇನೆ.

ಮಾಲತಿ

ಎರಡು ಸಾರಿ ಬರೆದರೂ ನೀವು ಇದರ ಮಾತು ಎತ್ತಲಿಲ್ಲ. ದೊಡ್ಡವರು ಸುಮ್ಮನಿದ್ದರೆ ಏನು ಅರ್ಥ ಮಾಡಿಕೊಳ್ಳಬೇಕು ಅಂತ ತಿಳಿಯುತ್ತಿಲ್ಲ. ದೀಪಾವಳಿ ಆದಮೇಲೆ ಟೀಸಿ ತಗೊಂಡು ಹೋಗಿಬಿಡುತ್ತೇನೆ. ಓದು ಸಾಕು, ಅವ್ವನ ಜೊತೆ ಕುರಿ ಹಿಂದೆ ಹೋಗುತ್ತೇನೆ. ಬೇಡ ಅನ್ನಿ, ಇಲ್ಲ ಹೂಂ ಅನ್ನಿ. ಏನಾದರೂ ಅನ್ನಿ ಅಜ್ಜಿ.


ಚಳ್ಳಕೆರೆ
೨೯ ಅಕ್ಟೋಬರ್ ೨೦೨೪

ಮಾಲತಿ,

ನಿನ್ನ ಪತ್ತೇದಾರಿಕೆ ಸಾಕು ಮಾಡು. ಜುಲ್ಫಿಕರ್ ಒಬ್ಬ ಇದ್ದಾನೆ ನನಗೆ ಕಣ್ಣಿನ ಪಾಠ ಹೇಳಲು, ನೀನೂ ಅವನ ಪಾರ್ಟಿ ಸೇರಿದೆಯಾ? ನನ್ನ ಪೆನ್ನೇ ದಪ್ಪ, ಅದಕ್ಕೇ ಅಕ್ಷರ ದಪ್ಪ.

ಕಾಣದೆ ಏನು? ನಿನ್ನ ಕಾಗದವನ್ನು ಮೊದಲಿನಿಂದ ತುದಿಯ ತನಕ ಎರಡು ಸಾರಿ ಓದಿದೆ. ಒಂದಕ್ಷರ ಬಿಟ್ಟಿಲ್ಲ. ನೀನು ಬರೆದದ್ದು ಸರಿಯಾಗಿಯೇ ಇದೆ, ಹಾಗೇ ಮಾಡು. ಸಾಕಾ? ಈಗ ನಂಬಿಕೆ ಬಂತಾ?

ಕಟ್ಟು ಕಟ್ಟಿದ್ದು ತಪ್ಪು ಅಂತ ಅಳಬೇಡ. ಈ ಕಟ್ಟಿನಿಂದ ಗೆದ್ದೇ ಗೆಲ್ಲುತ್ತೇನೆ. ಸೂಜಿ ಚುಚ್ಚು ಕೆಲಸ ಮಾಡುತ್ತಿದೆ. ಹೋದ ಶುಕ್ರವಾರ ಅವನ ಕಟ್ಟು ತೆಳ್ಳಗಾಗಿದ್ದನ್ನು ನೋಡಿ ಅವನೇ ಮುಟ್ಟಿ ಮುಟ್ಟಿ ನೋಡಿಕೊಂಡ.

ಬೀಬಿ ಜಾನ್


ಮೊಳಕಾಲ್ಮುರು
೨೪ ನವೆಂಬರ್ ೨೦೨೪

ಅಜ್ಜಿಗೆ,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ನೀವು ತುದಿಯ ತನಕ ಓದಿದ್ದೇನೆ, ಹಾಗೇ ಮಾಡು ಎಂದು ಬರೆದದ್ದನ್ನು ಓದಿ ಮೊದಲು ಅಳು ಬಂತು. ನೀವು ಬೇಡ ಅನ್ನುತ್ತೀರಿ ಅಂದುಕೊಂಡಿದ್ದೆ. ಆಮೇಲೆ ಧೈರ್ಯ ಬಂತು. ಹಾಗೇ ಮಾಡುತ್ತಿದ್ದೇನೆ. ಡಿಸೆಂಬರ್ ಒಂದು ಭಾನುವಾರ ಅವ್ವ ಇಲ್ಲಿಗೆ ಬರುತ್ತಾಳೆ.

ಕಣ್ಣಿನ ವಿಷಯದಲ್ಲಿ ಅನುಮಾನ ಪಟ್ಟಿದ್ದಕ್ಕೆ ಕ್ಷಮಿಸಿ. ಕೊನೆಯ ಮಾತು: ಅವನ ಕಟ್ಟಿನಲ್ಲಿ ಕಾರ್ಡು ಕಡಿಮೆಯಾದಾಗ ಸಂತೆಯನ್ನು ತಡೆದಿಟ್ಟುಕೊಳ್ಳಿ. ಅವನು ಕೊನೆಯ ದೊಡ್ಡ ದಂಡು ಇಟ್ಟು ಸೋತಮೇಲೆ ಬಿಡಿ.

ಮಾಲತಿ

ಟೀಸಿ ಅರ್ಜಿ ಬರೆದಿಟ್ಟಿದ್ದೇನೆ, ಭಾನುವಾರ ಅವ್ವನ ಸಹಿ. ನೀವು ಹೂಂ ಅಂದದ್ದು ಅವ್ವನಿಗೂ ಹೇಳಿ ಕಳಿಸಿದೆ. ಇನ್ನು ಕಾಗದ ಪರಶುರಾಂಪುರಕ್ಕೆ ಬರೆಯಿರಿ.


ಚಳ್ಳಕೆರೆ
೨೯ ನವೆಂಬರ್ ೨೦೨೪, ಶುಕ್ರವಾರ ಸಂಜೆ

ಮಾಲತಿ ಬೇಟಿ,

ಇದನ್ನು ನಾನು ಹೇಳುತ್ತಿದ್ದೇನೆ, ಬರೆಯುತ್ತಿರುವವನು ಜುಲ್ಫಿಕರ್. ಕವರಿನೊಳಗೆ ಒಂದು ಕಾರ್ಡಿದೆ, ಬೀಳಿಸಬೇಡ.

ಜುಂಜಮ್ಮನವರೇ, ಇದನ್ನು ನೀವೇ ಮೊದಲು ಓದುತ್ತೀರಿ ಅಂತ ಗೊತ್ತು. ಓದಿರಿ. ಕೈ ಮುಗಿದು ಕೇಳುತ್ತೇನೆ, ಭಾನುವಾರ ಕರಿಯಕ್ಕ ಸಹಿ ಹಾಕುವ ಮೊದಲು ಇದು ಆ ಹುಡುಗಿಯ ಕೈ ಸೇರಲಿ. ಅವಳು ಅಂಚಿನಲ್ಲಿ ಬರೆದಳು ಅಂತ ಬಯ್ಯಬೇಡಿ. ಬಯ್ಯುವುದಿದ್ದರೆ ನನ್ನನ್ನು ಬಯ್ಯಿರಿ.

ಬೇಟಿ, ಇವತ್ತು ಮಧ್ಯಾಹ್ನ ಆಟ ನಡೆಯುತ್ತಿತ್ತು. ಅವನ ಕಟ್ಟಿನಲ್ಲಿ ಎರಡೇ ಕಾರ್ಡು ಉಳಿದಿದ್ದವು. ನನ್ನ ಕೈಯಲ್ಲಿ ಸಂತೆ ಇತ್ತು. ಅಷ್ಟರಲ್ಲಿ ನಿನ್ನ ಕಾಗದ ಬಂತು. ಕಾಗದ ಕಣ್ಣಿಗೆ ಹತ್ತಿರ ಹಿಡಿದು, ಹಾಗೇ ಮಾಡುತ್ತಿದ್ದೇನೆ ಅನ್ನುವುದನ್ನು ಓದಿದೆ. ಏನು ಮಾಡುತ್ತಿದ್ದಾಳೆ ಈ ಹುಡುಗಿ? ನಾನು ಯಾವುದಕ್ಕೆ ಹೂಂ ಅಂದೆ? ಹಿಂದೆ ಮುಂದೆ ತಿರುಗಿಸಿದೆ. ಅಂಚಿನಲ್ಲಿ ಏನೋ ಕೊಳೆ ಮೆತ್ತಿದ ಹಾಗಿತ್ತು. ಬೆರಳಿನಿಂದ ಒರೆಸಿದೆ, ಹೋಗಲಿಲ್ಲ. ಆಗ ಅದು ಅಕ್ಷರ ಅಂತ ಹೊಳೆಯಿತು ನೋಡು.

ನಿಮ್ಮವ್ವನಿಗೆ ಫೋನು ಹಚ್ಚಿದೆ, ಹತ್ತಲಿಲ್ಲ. ಕುರಿ ಜೊತೆ ಎಲ್ಲಿದ್ದಾಳೋ. ಕಾಗದವನ್ನು ಜುಲ್ಫಿಕರನ ಮುಂದೆ ಇಟ್ಟೆ. "ಅಂಚು ಓದು" ಅಂದೆ.

"ದಾದಿ, ಇಷ್ಟು ಚಂದಾಗಿ ಕಾಣ್ತೈತಲ್ಲ. ನಿಂಗೆ ಕಾಣಲ್ವಾ?" ಅಂದ.

"ಇಲ್ಲ" ಅಂದೆ. ಅವನು ನಗಲಿಲ್ಲ. ನಗುತ್ತಾನೆ ಅಂದುಕೊಂಡಿದ್ದೆ. ಪೆಟ್ಟಿಗೆಯಿಂದ ಹಳೇ ಕಾಗದಗಳನ್ನೂ ತೆಗೆಸಿದೆ. ಒಂದೊಂದೇ ಓದಿದ. ಯಾ ಅಲ್ಲಾ, ಜುಲೈನಿಂದ ನೀನು ಕೂಗುತ್ತಿದ್ದೀಯ, ನಾನು ಆನೆ ಬೇಕು ಕುದುರೆ ಬೇಕು ಅಂತ ಬರೆಯುತ್ತಿದ್ದೇನೆ!

ಕೈಯಲ್ಲಿದ್ದ ಕಾರ್ಡನ್ನೆಲ್ಲ ಮಗುಚಿ ಇಟ್ಟೆ. ಸೋತೆ ಅಂದೆ. ಇನ್ನೊಂದು ಸರದಿ ಆಡಿದ್ದರೆ ಗೆಲ್ಲುತ್ತಿದ್ದೆ, ಅವನಿಗೂ ಗೊತ್ತು. ಗೆದ್ದು ಏನು ಮಾಡಲಿ?

ನಾನು ತುದಿಯ ತನಕ ಓದಿದೆ ಅಂದದ್ದು ಸುಳ್ಳು. ಹಾಗೇ ಮಾಡು ಅಂದದ್ದನ್ನು ವಾಪಸ್ ತೆಗೆದುಕೊಂಡೆ. ಕವರಿನೊಳಗೆ ಇರುವುದು ಕೆರೆ ಏರಿ. ಜುಲ್ಫಿಕರ್ ಹುಡುಕಿಕೊಟ್ಟ, ನಾನು ಬೆರಳಾಡಿಸಿ ಹೌದು ಅಂದೆ. ನೀನು ಟೀಸಿ ಇಡುತ್ತಿದ್ದೀಯ, ನಾನು ಇದನ್ನು ಹಾಕುತ್ತಿದ್ದೇನೆ. ಕೈ ತೆಗೆದಮೇಲೆ ಹಾಕಿದರೆ ಉಪಯೋಗವಿಲ್ಲ ಅಂತ ನೀನೇ ಹೇಳಿಕೊಟ್ಟಿದ್ದು. ನಾಳೆ ಬೆಳಗ್ಗೆಯೇ ಇವನು ಬೈಕಿನಲ್ಲಿ ಬಂದು ಗೇಟಿನಲ್ಲಿ ಕೊಡುತ್ತಾನೆ. ಗಂಡು ಹುಡುಗರನ್ನು ಒಳಗೆ ಬಿಡುವುದಿಲ್ಲವಂತೆ, ಇಲ್ಲದಿದ್ದರೆ ಇವನ ಬಾಯಿಂದಲೇ ಹೇಳಿಸುತ್ತಿದ್ದೆ.

ಬೀಬಿ ಜಾನ್


ಮೊಳಕಾಲ್ಮುರು
೩ ಡಿಸೆಂಬರ್ ೨೦೨೪

ಅಜ್ಜಿಗೆ,

ನಿಮ್ಮ ಕೆರೆ ಏರಿ ಬಂತು.

ಭಾನುವಾರ ಬೆಳಗ್ಗೆ ತಿಂಡಿ ಆದಮೇಲೆ ಜುಂಜಮ್ಮ ಮೇಡಂ ನನ್ನನ್ನು ರೂಮಿಗೆ ಕರೆದರು. ಟೇಬಲ್ಲಿನ ಮೇಲೆ ನಿಮ್ಮ ಕಾಗದ, ನನ್ನ ಟೀಸಿ ಅರ್ಜಿ, ಜೂನಿನಲ್ಲಿ ಕಿತ್ತುಕೊಂಡಿದ್ದ ನನ್ನ ಕಾರ್ಡುಗಳು, ಮೂರೂ ಇದ್ದವು. ಅವರು ನಿಮ್ಮ ಕಾಗದವನ್ನು ಕೈಗೆತ್ತಿಕೊಂಡರು. ಆಮೇಲೆ ಕೇಳಿದ್ದೇನು ಗೊತ್ತಾ?

"ಅಲ್ಲ ಕಣೇ, ಎರಡೇ ಕಾರ್ಡ್ ಉಳಿದಿತ್ತಲ್ಲ. ನಿಮ್ಮಜ್ಜಿ ಸಂತೆ ಬಿಟ್ಟಿದ್ರೆ ಮುಗ್ದೇ ಹೋಗ್ತಿತ್ತಲ್ಲ?"

ಐದು ತಿಂಗಳಿಂದ ನಮ್ಮ ಕಾಗದ ಓದಿ ಓದಿ ಅವರಿಗೆ ಆಟ ಬಂದಿದೆ! ನನಗೆ ನಗು, ಅಳು ಎರಡೂ ಬಂತು. "ಯಾರೂ ಮಾತಾಡ್ಸಲ್ಲ ಅಂತ ನಂಗ್ಯಾಕೆ ಹೇಳ್ಲಿಲ್ಲ?" ಅಂದರು. ಹೇಳಲು ಭಯವಿತ್ತು ಅಂದೆ. ಅವರು ನನ್ನ ಕಾರ್ಡುಗಳನ್ನು ನನ್ನ ಕಡೆ ಸರಿಸಿದರು.

ಅಷ್ಟರಲ್ಲಿ ಅವ್ವ ಬಂದಳು. ಈಗ ಸಹಿ ಬೇಡ ಅಂದೆ. "ತಾತನ ತಲೆಗೆ ಕುರಿ ಕಟ್ಟಿ ಬಂದೀನಿ, ಇವಳ ಕುಣಿತ ನೋಡು" ಅಂತ ಬೈದು, ನನ್ನ ತಲೆಗೆ ಎಣ್ಣೆ ಹಚ್ಚಿ, ಮಧ್ಯಾಹ್ನದ ಬಸ್ಸಿಗೆ ಹೋದಳು. ಹೋಗುವಾಗ ಗೇಟಿನ ಹತ್ತಿರ ತಿರುಗಿ ತಿರುಗಿ ನೋಡಿದಳು.

ಆದರೆ ಅಜ್ಜಿ, ಕೆರೆ ಏರಿ ತಡೆಯುವುದು ಒಂದೇ ಕಾರ್ಡನ್ನು. ಅರ್ಜಿ ಹರಿದಿಲ್ಲ, ಮೇಡಂ ಡ್ರಾಯರಿನಲ್ಲಿದೆ. ಇರಬೇಕೋ ಹೋಗಬೇಕೋ ಅಂತ ನಾನು ಕೇಳಿದ್ದು ನಿಮ್ಮನ್ನು. ಜುಲ್ಫಿಕರ್ ಅಣ್ಣ ಓದಿಕೊಟ್ಟದ್ದು ಲೆಕ್ಕಕ್ಕಿಲ್ಲ. ನಾನು ಬರೆದದ್ದನ್ನು ನಿಮ್ಮ ಕಣ್ಣಿನಿಂದ ನೀವೇ ಓದಿ ಉತ್ತರ ಬರೆಯಿರಿ. ಅಲ್ಲಿಯ ತನಕ ಕಾಯುತ್ತೇನೆ. ಕಾಯುವ ಆಟ ನನಗೆ ಬರುತ್ತದೆ.

ಮಾಲತಿ

ಇದು ಗುಟ್ಟಲ್ಲ, ಮೇಡಂಗೆ ತೋರಿಸಿಯೇ ಅಂಚಿನಲ್ಲಿ ಬರೆಯುತ್ತಿದ್ದೇನೆ. ಅದೇ ತಿಳಿನೀಲಿ ಪೆನ್ನು. ಇದನ್ನು ಯಾರಿಂದಲೂ ಓದಿಸಬೇಡಿ, ಕಣ್ಣಿನ ಪಟ್ಟಿ ಬಿಚ್ಚಿದಮೇಲೆ ನೀವೇ ಓದಿ. ಆಪರೇಷನ್ ದಿನ ಭಯವಾಯಿತಾ ಅಜ್ಜಿ?


ಚಳ್ಳಕೆರೆ
೨೨ ಡಿಸೆಂಬರ್ ೨೦೨೪

ನನ್ನ ಮಾಲತಿಗೆ,

ಅಕ್ಷರ ನೋಡು. ಎಷ್ಟು ಸಣ್ಣಗೆ ಬರೆಯುತ್ತಿದ್ದೇನೆ ನೋಡು! ಪೆನ್ನು ಅದೇ ದಪ್ಪ ಪೆನ್ನು. ಒಂದು ಕಣ್ಣಿನ ಆಪರೇಷನ್ ಆಯಿತು, ಇನ್ನೊಂದು ಕಣ್ಣು ಮುಂದಿನ ತಿಂಗಳು.

ಪಟ್ಟಿ ಬಿಚ್ಚಿ ಮನೆಗೆ ಬಂದವಳು ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ, ನಿನ್ನ ಕಾಗದಗಳನ್ನು ಮಂಚದ ಮೇಲೆ ಹರಡಿಕೊಂಡು ಕೂತೆ. ಆ ಕಾಗದ ನೀಲಿ ಅಂತಲೇ ನನಗೆ ಗೊತ್ತಿರಲಿಲ್ಲ, ಬೂದಿ ಬಣ್ಣ ಅಂದುಕೊಂಡಿದ್ದೆ. ಒಂದೊಂದೇ ಅಂಚು ಓದಿದೆ. ಡಾಕ್ಟರು ಕಣ್ಣಿಗೆ ನೀರು ತಾಗಿಸಬೇಡಿ ಅಂದಿದ್ದರು. ನಾನೇನು ಮಾಡಲಿ, ಅತ್ತುಬಿಟ್ಟೆ.

ಕೇಳಿದ್ದಕ್ಕೆ ಉತ್ತರ ತಗೋ. ಕಾರ್ಡು ಕಿತ್ತುಕೊಂಡರು ಅಂದೆ, ಅವು ನಿನ್ನ ಕೈಗೆ ವಾಪಸ್ ಬಂದವು. ಆ ತೆಲುಗು ಹುಡುಗಿಯರಿಗೆ ದಂಡಿನ ಕಟ್ಟು ಕೊಟ್ಟು ನಿನ್ನ ಮೇಲೆ ನುಗ್ಗಲು ಹೇಳು. ಅವರು ಇಡಲಿ, ನೀನು ಬೇಡ ಅನ್ನು. ಬೇಡ ಅನ್ನಿಸಿಕೊಂಡವರು ಸುಮ್ಮನಿರುವುದಿಲ್ಲ, ಜಗಳಕ್ಕೆ ಬರುತ್ತಾರೆ. ಜಗಳದಲ್ಲಿ ತೆಲುಗು ತಾನಾಗಿ ಬರುತ್ತದೆ. ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಬೀದಿ ನಲ್ಲಿಯ ಹತ್ತಿರ ಕಲಿತದ್ದೂ ಹಾಗೆಯೇ.

ಮನೆಗೆ ಬಂದುಬಿಡಲಾ ಅಂದೆ. ಬಾ ಅನ್ನಲು ನನಗೆ ಎಷ್ಟು ಆಸೆ ಅಂತ ಬರೆದರೆ ನೀನು ಇವತ್ತೇ ಹೊರಟುಬಿಡುತ್ತೀಯ. ಸುಭಾನನಿಗೆ ಹೇಳಿ ಹಿತ್ತಲ ಕೋಣೆಯ ಟೈರು ತೆಗೆಸಿದೆ. ಅದು ನಿನ್ನ ರಜಕ್ಕೆ, ಓದು ಬಿಟ್ಟು ಬರುವುದಕ್ಕಲ್ಲ. ಹೋಗಬೇಡ ಬೇಟಿ. ಇರು. ಇದನ್ನು ನಾನೇ ಓದಿ, ನಾನೇ ಯೋಚಿಸಿ, ನಾನೇ ಬರೆಯುತ್ತಿದ್ದೇನೆ. ಹೋಗಬೇಡ.

ಮುಂದಿನ ಭಾನುವಾರ ಬಸ್ಸಿಗೆ ಬರುತ್ತೇನೆ. ನನಗೆ ಒಂದು ಆಟ ಬಾಕಿ ಇದೆ. ಜುಂಜಮ್ಮನವರಿಗೆ ಹೇಳು, ಎರಡು ಕಾರ್ಡು ಉಳಿದಾಗ ಹೇಗೆ ಆಡಬೇಕಿತ್ತು ಅಂತ ನನಗೆ ಪಾಠ ಹೇಳುವುದಿದ್ದರೆ ಅವರೂ ಬಂದು ಕೂರಲಿ. ಅವರಿಗೂ ಒಂದು ಕಟ್ಟು ತರುತ್ತಿದ್ದೇನೆ. ಸೂಜಿ ಚುಚ್ಚಿದ ಕೆರೆ ಏರಿಗಳನ್ನು ಬದಲಿಸಿದ್ದೇನೆ, ಇನ್ನು ಅವು ಬೇಕಿಲ್ಲ. ನಿನ್ನ ಹತ್ತಿರ ಇರುವ ಒಂದನ್ನು ಮಾತ್ರ ಇಟ್ಟುಕೋ.

ನಿನ್ನ ಅಜ್ಜಿ
ಬೀಬಿ ಜಾನ್

ಅಂಗಡಿಯಲ್ಲಿ ತಿಳಿನೀಲಿ ಪೆನ್ನು ಕೇಳಿ ತಂದು, ಅಂಚಿನಲ್ಲಿ ಬರೆಯುತ್ತಿದ್ದೇನೆ. ಆಪರೇಷನ್ ದಿನ ಭಯವಾಯಿತಾ ಅಂತ ಕೇಳಿದ್ದೀಯ. ಬಹಳ ಆಯಿತು. ಪಾತಮ್ಮನ ತಟ್ಟೆಯೇ ಕಣ್ಣ ಮುಂದೆ ಬರುತ್ತಿತ್ತು. ಜುಲ್ಫಿಕರನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅವನಿಗೆ ಉಗುರು ಇಳಿದಿದೆ. ನಿನ್ನ ಕಾಗದ ಸೊಂಟದಲ್ಲಿತ್ತು. ಅದರ ಅಂಚನ್ನು ಯಾರಿಂದಲೂ ಓದಿಸಲಿಲ್ಲ. ನೀನು ಏನು ಕೇಳಿದ್ದೀಯ ಅಂತ ನೋಡಬೇಕಿತ್ತು, ಅದಕ್ಕೇ ಒಳಗೆ ಹೋದೆ.